ಜಾಡಿಗೆ ಕೊಟ್ಟ ಮರ್ಯಾದೆ

ಒಂದೂರಲ್ಲಿ ಒಬ್ಬ ಸಾಹುಕಾರ ಇದ್ದ. ಬಲು ಮಡಿವಂತ. ಅವನ ತಾಯಿ ಉಪ್ಪಿನಕಾಯಿ ಹಾಕುವುದರಲ್ಲಿ ಎತ್ತಿದ ಕೈ. ಜಾಡಿಯ ಹತ್ತಿರ ಯಾರೇ ಹೋಗಲಿ, ಆಕೆಯದು ಒಂದೇ ಮಾತು: "ಕೈ ತೋರ್ಸು ಮೊದ್ಲು!" ಮಗ ಪೂಜೆ ಮುಗಿಸಿ ಬಂದರೂ ಬಿಡುತ್ತಿರಲಿಲ್ಲ. "ಮಡಿ ದೇವ್ರಿಗಾಯ್ತು ಕಣೋ. ಜಾಡಿಗೆ ಕೈ ತೊಳ್ದು, ಒರೆಸ್ಕೊಂಡು ಬಾ. ಬೂಸ್ಟು ಬಂದ್ರೆ ಅಷ್ಟೂ ಹಾಳು." ಸಾಹುಕಾರ ನಗುತ್ತಾ ಕೈ ತೊಳೆಯುತ್ತಿದ್ದ. ನೋಡಿ, ಒಂದು ಜಾಡಿಗೆ ಅಷ್ಟು ಮರ್ಯಾದೆ!

ಆ ತಾಯಿಗೆ ಕರುಳಿನ ಆಪರೇಷನ್ ಆಯಿತು. ಐಸಿಯುನಲ್ಲಿ ಮಲಗಿಸಿದರು. ಕತ್ತಿನ ರಕ್ತನಾಳಕ್ಕೆ ನಳಿಕೆ ಹಾಕಿ, ಅದರಲ್ಲೇ ಔಷಧ, ಅದರಲ್ಲೇ ಆಹಾರ. ಸಾಹುಕಾರ ದಿನಾ ಸ್ನಾನ ಮಾಡಿ ವಿಭೂತಿ ಹಿಡಿದು ಬರುತ್ತಿದ್ದ. ಬಾಗಿಲಲ್ಲಿ ನರ್ಸಮ್ಮ ಸ್ಯಾನಿಟೈಸರ್ ಹಿಡಿದರೆ ಮೂಗು ಮುರಿದ.

"ಸಾರಾಯಿ ವಾಸ್ನೆ ಬರುತ್ತಲ್ಲಮ್ಮಾ! ನಾನು ಮಡೀಲಿದೀನಿ."

"ಸೋಪಲ್ಲಾದ್ರೂ ತೊಳ್ಕೊಳಿ ಸಾರ್."

"ನಮ್ಮಮ್ಮನ್ನ ಮುಟ್ಟೋಕೆ ನಾನೇನು ಮೈಲಿಗೆನಾ?"

ಊರಿನ ದೊಡ್ಡ ಮನುಷ್ಯ, ಅವಳು ದಾರಿ ಬಿಟ್ಟಳು. ಅವನು ತಾಯಿಯ ಹಣೆಗೆ ವಿಭೂತಿ ಇಟ್ಟ. ನಳಿಕೆಯ ಮೇಲಿನ ಪಟ್ಟಿ ಸಡಿಲವಾಗಿತ್ತು. ಪ್ರೀತಿಯಿಂದ ಅದನ್ನೂ ಒತ್ತಿ ಕೂರಿಸಿದ. ಪ್ರೀತಿ ಇರಲಿಲ್ಲವೇ? ಬೆಟ್ಟದಷ್ಟಿತ್ತು.

ಇನ್ನೇನು ವಾರ್ಡಿಗೆ ಕಳಿಸಬೇಕು ಅನ್ನುವಾಗ ಜ್ವರ ಏರಿತು. ಯಾವ ಆಂಟಿಬಯಾಟಿಕ್‌ಗೂ ಬಗ್ಗಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರು ಹೇಳಿದರು: "ರಕ್ತಕ್ಕೆ ಫಂಗಸ್ ಸೇರಿದೆ. ಮನೆ ಮಾತಲ್ಲಿ ಹೇಳೋದಾದ್ರೆ, ಬೂಸ್ಟಿನ ಜಾತೀದು."

ಬೂಸ್ಟು! ಸಾಹುಕಾರ ತನ್ನ ಕೈ ನೋಡಿಕೊಂಡ. ನಳಿಕೆ ತೆಗೆದರು, ಔಷಧ ಬದಲಿಸಿದರು. ತಾಯಿ ಉಳಿಯಲಿಲ್ಲ.

"ನನ್ನ ಕೈಯಿಂದ ಬಂತಾ ಡಾಕ್ಟ್ರೇ?"

"ಹೇಳೋಕಾಗಲ್ಲ. ಅವರ ಮೈಯಿಂದಲೇ ಬಂದಿರಬಹುದು, ನಮ್ಮ ಕೈಯಿಂದ ಬಂದಿರಬಹುದು. ನಿಮ್ಮಿಂದಲೂ ಇರಬಹುದು."

ಇಲ್ಲ ಅಂದಿದ್ದರೆ ನೆಮ್ಮದಿಯಾಗಿರುತ್ತಿದ್ದ. ಹೌದು ಅಂದಿದ್ದರೆ ಅತ್ತು ಹಗುರಾಗುತ್ತಿದ್ದ. ಈ 'ಇರಬಹುದು' ಇದೆಯಲ್ಲ, ಅದು ಅವನನ್ನು ಸಾಯುವ ತನಕ ಬಿಡಲಿಲ್ಲ. ಅವತ್ತು ಮನೆಗೆ ಬಂದು ಜಾಡಿಯ ಮುಚ್ಚಳ ತೆಗೆದ. ಅಮ್ಮ ಹಾಕಿದ ಉಪ್ಪಿನಕಾಯಿ ಒಂದಿಷ್ಟೂ ಕೆಟ್ಟಿರಲಿಲ್ಲ. ಬಿಕ್ಕಿ ಬಿಕ್ಕಿ ಅತ್ತ.

ತಾಯಂದಿರೇ, ಅಣ್ಣಂದಿರೇ, ಅವನನ್ನು ಬೈಯಬೇಡಿ. ಬಾಗಿಲಲ್ಲಿ ತಡೆದವರ ಮೇಲೆ ನಾವು ರೇಗಿಲ್ಲವೇ? 'ನಾನು ಶುದ್ಧ' ಅನ್ನುವ ಬಿಂಕವನ್ನೇ ನಾವು ಮಡಿ ಅಂದುಕೊಂಡೆವು. ನನ್ನಿಂದ ಇನ್ನೊಂದು ಜೀವಕ್ಕೆ ಕೇಡಾಗಬಾರದು ಅನ್ನುವ ಅಂಜಿಕೆಯೇ ಮಡಿ. ಇನ್ನು ಮೇಲೆ ರೋಗಿಯನ್ನು ನೋಡಲು ಹೋದಾಗ, ಯಾರೂ ಹೇಳುವ ಮೊದಲೇ ಕೈ ಶುಚಿ ಮಾಡಿಕೊಳ್ಳಿ. ನಳಿಕೆ, ಪಟ್ಟಿ ಮುಟ್ಟಬೇಡಿ, ನರ್ಸನ್ನು ಕರೆಯಿರಿ. ಆ ಹೆಣ್ಣುಮಗಳು ಬಾಗಿಲಲ್ಲಿ ತಡೆದರೆ, ನಿಮ್ಮ ತಾಯಿಯೇ "ಕೈ ತೋರ್ಸು ಮೊದ್ಲು" ಅಂದ ಹಾಗೆ ಕೇಳಿಸಿಕೊಳ್ಳಿ. ಕೈ ತೋರಿಸಿ.