ಲಾಗೌಟ್ ಆದರೆ ಅಳಿಸುವ ಜಾಗ

ಕಣ್ಣಿಗೆ ಔಷಧಿ ಹನಿಸಿ, ಮುಚ್ಚಿಕೊಂಡು ಕೂತಿರಿ ಎಂದಿದ್ದರು. ಪಕ್ಕದ ಬೆಂಚಿನಲ್ಲಿ ಇಬ್ಬರು ಬಂದು ಕೂತರು. ವಾರ್ಡಿನ ಕಂಪ್ಯೂಟರುಗಳನ್ನು ಅಣಿಮಾಡಿದವರೆಂದು ಮಾತಿನಿಂದ ತಿಳಿಯಿತು. ಹೆಂಗಸು ಹಿರಿಯಳು, ಗಂಡಸು ಅವಳನ್ನು ಅಕ್ಕಾ ಎನ್ನುತ್ತಿದ್ದ.

"ಪೇಷೆಂಟುಗಳು ಬರೀತಾ ಇರೋದನ್ನ ಅವರವರ ಫೋಲ್ಡರಲ್ಲೇ ಇಡು ಅಂದಿದ್ದೆ."

"ಇಟ್ಟಿದ್ದೆ ಅಕ್ಕಾ. ಕರೆಂಟ್ ಹೋದಾಗೆಲ್ಲ ಅಲ್ಲಿ ಅರೆಬರೆ ಫೈಲುಗಳ ಕಸ ಉಳೀತಿತ್ತು, ಮಾರನೇ ದಿನ ಪರದೇನೇ ತೆರೀತಿರ್ಲಿಲ್ಲ. ನೀವೇ ಬೈದ್ರಿ."

"ಬೈದಿದ್ದು ಕಸಕ್ಕೆ. ನೀನು ಮನೆ ಸಾಮಾನನ್ನೂ ಗುಡಿಸಿ ಹಾಕೋ ಹಾಗೆ ಮಾಡ್ದೆ."

"ನಿಯಮ ಹಾಗೇ ಇದೆ. ಆ ಹೊತ್ತಿನ ಫೈಲೆಲ್ಲ ಮೆಮೊರೀಲಿ ಇರ್ಬೇಕು, ಲಾಗೌಟ್ ಆದ್ರೆ ಅಳಿಸ್ಬೇಕು."

"ಮಿಷನ್ನಿನ ಫೈಲು ಅಳಿಸ್ಲಿ. ಮನುಷ್ಯ ಬರ್ದಿದ್ದು ಆ ಹೊತ್ತಿಂದು ಹೇಗಾಗುತ್ತೋ?"

ಅವಳೇ ದನಿ ತಗ್ಗಿಸಿ ಮುಂದುವರಿಸಿದಳು.

"ಆ ಪೇಷೆಂಟಿಗೆ ಗಂಟಲು ಆಪರೇಷನ್ ಆಗಿ ಮಾತು ನಿಂತಿತ್ತಂತೆ. ಎರಡು ದಿನ ವಾರ್ಡಿನ ಕಂಪ್ಯೂಟರ್ ಮುಂದೆ ಕೂತು ಮಗಳಿಗೆ ಪತ್ರ ಬರ್ದಿದಾರೆ. ಸೇವ್ ಒತ್ತೋದು ಗೊತ್ತಿರ್ಲಿಲ್ಲ ಪಾಪ."

"ಎರಡು ದಿನಾನೂ ಇತ್ತಲ್ಲ ಅಕ್ಕಾ."

"ಇತ್ತು. ಅವರು ತೀರ್ಕೊಂಡ ಮೇಲೆ ನರ್ಸಮ್ಮ ಲಾಗೌಟ್ ಮಾಡಿದ್ಲು. ಅದು ಅವಳ ಕೆಲ್ಸ."

"ಹುಡುಕಿದೀನಿ. ಬರೀ ಮೆಮೊರೀಲಿತ್ತು, ಡಿಸ್ಕಿಗೆ ಹೋಗೇ ಇಲ್ಲ, ಹುಡುಕೋಕೆ ಜಾಗಾನೇ ಇಲ್ಲ."

"ಅದನ್ನ ಮಗಳಿಗೆ ಹೇಳು."

"ಮಿಷನ್ ಕೆಟ್ಟೋಯ್ತು ಅಂದ್ರೆ?"

"ಕೆಟ್ಟಿದ್ರೆ ರಿಪೇರಿ ಮಾಡ್ಸಿ ಅಂತಾಳೆ. ವರ್ಷಗಟ್ಟಲೆ ಕಾಯ್ತಾಳೆ ಕಣೋ."

ಚಪ್ಪಲಿ ಸದ್ದೊಂದು ಹತ್ತಿರ ಬಂದು ನಿಂತಿತು. "ಸಿಕ್ತಾ?" ಎಂದಿತು ಎಳೆಯ ಹೆಣ್ಣುದನಿ.

"ಹೊರಗೆ ಬನ್ನಿ ಅಮ್ಮಾ, ಅದನ್ನ ಅಳಿಸೋ ಜಾಗದಲ್ಲಿ ಇಟ್ಟಿದ್ದು ನಾನು" ಎಂದು ಅವನು ಎದ್ದ. ಮೂವರ ಹೆಜ್ಜೆಗಳೂ ನಿಧಾನವಾಗಿ ದೂರವಾದವು.