ಮಧ್ಯದಲ್ಲಿ ಏನೂ ಕಾಣಲ್ಲ ಅಬ್ಬಾ

ಮಾನ್ಯ ಅಧ್ಯಕ್ಷರಾದ ಅಫ್ಜಲ್ ಸಾಹೇಬರೇ, ಬೆನ್ಸನ್ ಟೌನಿನ ಈ ಸಭಾಂಗಣ ತುಂಬಿರುವ ಹಿರಿಯರೇ, ತಾಯಂದಿರೇ, ಬಿರಿಯಾನಿಯ ವಾಸನೆ ಹಿಡಿದು ಆಗಲೇ ಹಿಂಬಾಗಿಲ ಬಳಿ ನಿಂತಿರುವ ಸಭಿಕರೇ,

ದೊಡ್ಡ ಟೆಲಿಸ್ಕೋಪಿನಲ್ಲಿ ನಮ್ಮ ಗ್ಯಾಲಕ್ಸಿಯ ನಡುಮಧ್ಯವನ್ನು ನೋಡಿ ಬಂದ ನನ್ನ ಮಗಳು ನಾಜಿಶ್‌ಗೆ ಶಾಲು ಹೊದಿಸಿದ್ದೀರಿ. ತಂದೆಯಾಗಿ ಎರಡು ಮಾತಾಡಿ ಎಂದಿರಿ. ಶಿವಾಜಿನಗರದಲ್ಲಿ ಬಟನ್ನು, ಲೇಸು ಮಾರುವ ಈ ರಹೀಂ ಎರಡೇ ಮಾತಿಗೆ ನಿಲ್ಲಿಸಿದ್ದನ್ನು ಯಾರಾದರೂ ಕಂಡಿದ್ದೀರಾ?

ನಮ್ಮ ಮೊಹಲ್ಲಾದ ಚಾಂದ್ ಕಮಿಟಿಗೆ ಇಷ್ಟು ವರ್ಷ ಸಾಕ್ಷಿ ಹೇಳಿದವನು ನಾನು. ರಂಜಾನ್ ಮುಗಿಯುವ ಸಂಜೆ ಮಸೀದಿಯ ತಾರಸಿ ಹತ್ತಿ, ಚಂದ್ರ ಕಂಡಿತೋ ಇಲ್ಲವೋ ಹೇಳಬೇಕು. ಈಗ ನನ್ನ ಕಣ್ಣು ಹೋಗುತ್ತಿದೆ, ಡಾಕ್ಟರು ಕೈಚೆಲ್ಲಿದ್ದಾರೆ. ನನ್ನ ಜಾಗಕ್ಕೆ ಯಾರು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ನನಗೆ ಅದೇ ಚಿಂತೆ. ಏಕೆ ಗೊತ್ತೇ? ತಾರಸಿಯ ಮೇಲೆ ಒಬ್ಬ "ಅಗೋ" ಎಂದರೆ ಸಾಕು, ಎಲ್ಲರಿಗೂ ಕಂಡುಬಿಡುತ್ತದೆ! ಅದಕ್ಕೇ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು, ಚಂದ್ರನ ಕೋಡು ಯಾವ ಕಡೆಗಿತ್ತು ಎಂದು ಕೇಳುತ್ತಿದ್ದೆ.

ನಾಜಿಶ್ ಚಿಕ್ಕವಳಿದ್ದಾಗ ಒಮ್ಮೆ ಎಲ್ಲರೂ ಕಂಡಿತೆಂದರು. ಇವಳೊಬ್ಬಳು "ನೈ ದಿಖ್ಯಾ ಅಬ್ಬಾ" ಎಂದಳು. ಕಾಣಲಿಲ್ಲವಂತೆ! ಹಬ್ಬದ ಪಾಯಸ ಶೀರ್ ಖುರ್ಮಾಕ್ಕೆ ಹಾಲು ಕಾಯಿಸಿಟ್ಟಿದ್ದ ನನ್ನ ಹೆಂಡತಿ ಬದ್ರುನ್ನೀಸಾ ಕೂಡ ರೇಗಿದಳು. ನನಗೆ ಮಾತ್ರ ಹೆಮ್ಮೆಯಾಯಿತು.

ಮೊನ್ನೆ ಕೇಳಿದೆ, ಅಷ್ಟು ದೊಡ್ಡ ಟೆಲಿಸ್ಕೋಪಿಗೆ ಕಣ್ಣಿಟ್ಟು ಏನು ಕಂಡೆ ಎಂದು.

"ಯಾರೂ ಕಣ್ಣಿಡಲ್ಲ ಅಬ್ಬಾ, ಕಂಪ್ಯೂಟರ್ ಮುಂದೆ ಕೂತಿರ್ತೀವಿ. ದಾರೀಲಿ ಧೂಳು ಜಾಸ್ತಿ, ಮಾಮೂಲಿ ಬೆಳಕು ಬರಲ್ಲ. ಕಣ್ಣಿಗೆ ಕಾಣದ ಬೆಳಕು ಬರುತ್ತೆ, ಅದನ್ನ ಹಿಡೀತೀವಿ."

"ಮಧ್ಯದಲ್ಲಿ ಏನಿದೆ?"

"ನಮ್ ಟೆಲಿಸ್ಕೋಪಲ್ಲಿ ಮಧ್ಯದಲ್ಲಿ ಏನೂ ಕಾಣಲ್ಲ ಅಬ್ಬಾ. ಸುತ್ತ ನಕ್ಷತ್ರಗಳು ಜೋರಾಗಿ ಸುತ್ತುತ್ವೆ. ಅದನ್ನ ವರ್ಷಗಟ್ಟಲೆ ಅಳೆದು, ಅಲ್ಲೇನೋ ತುಂಬಾ ಭಾರವಾದದ್ದು ಇದೆ ಅಂತೀವಿ. ಕಂಡೆ ಅಂತ ಮಾತ್ರ ನಾನು ಹೇಳಲ್ಲ."

ನೋಡಿ, ಸಮುದ್ರ ದಾಟಿ ಹೋಗಿ ಬಂದವಳು! ಕಂಡೆ ಎಂದಿದ್ದರೆ ನಮ್ಮಲ್ಲಿ ಯಾರು ಹೋಗಿ ಪರೀಕ್ಷೆ ಮಾಡುತ್ತಿದ್ದರು? ಅಫ್ಜಲ್ ಸಾಹೇಬರೇ, ಕಮಿಟಿಯ ಹಿರಿಯರೇ, ನನ್ನ ಜಾಗವನ್ನು ಇವಳಿಗೆ ಕೊಡಿ. ಹೆಣ್ಣು ಎಂಬ ತಕರಾರಿದ್ದರೆ ಊಟಕ್ಕೆ ಮೊದಲೇ ಹೇಳಿಬಿಡಿ, ನಾನು ಹಸಿದುಕೊಂಡೇ ವಾದ ಮಾಡುತ್ತೇನೆ.

ಇದನ್ನು ಇವಳಿಗೆ ನಾನು ಮೊದಲೇ ತಿಳಿಸಿರಲಿಲ್ಲ. ಮುಂದಿನ ಸಾಲಿನಲ್ಲೇ ಕೂತಿದ್ದಾಳಂತೆ. ನಗುತ್ತಿದ್ದಾಳೋ, ಸಿಟ್ಟಾಗಿದ್ದಾಳೋ, ಇಲ್ಲಿಂದ ನನಗೆ ಕಾಣುತ್ತಿಲ್ಲ. ಯಾರಾದರೂ ನೋಡಿ ಹೇಳಿ.

ಇಷ್ಟು ಹೊತ್ತು ಕೇಳಿಸಿಕೊಂಡಿರಿ, ನಿಮಗೆ ಋಣಿ. ನಮಸ್ಕಾರ.