ಇಸ್ತ್ರಿಯಕ್ಕ ಹೇಳಿದ್ದು, ನಾನು ಓದಿ ಹೇಳದ್ದು

ಇಸ್ತ್ರಿಯಕ್ಕನ ನೆನಪಿಗೆ ಇಲ್ಲಿ ಸೇರಿರುವ ಹಿರಿಯರಿಗೆ, ಗೆಳೆಯರಿಗೆ, ಮುಂದಿನ ಸಾಲಿನಲ್ಲಿ ಕೂತಿರುವ ಅವರ ತಂಗಿಯವರಿಗೆ ನನ್ನ ನಮಸ್ಕಾರ.

ಈ ಮೈಕು ಹತ್ತಿರ ಹೋದರೆ ಕಿರುಚುತ್ತದೆ, ದೂರ ನಿಂತರೆ ಕೇಳಿಸುವುದಿಲ್ಲ. ಇದನ್ನು ಪಕ್ಕಕ್ಕಿಡುತ್ತೇನೆ. ಹಿಂದೆ ಕೇಳಿಸುತ್ತಿದೆಯಾ? — ಸರಿ. ನಲವತ್ತು ಕುರ್ಚಿ ಹಾಕಿಸಿದ್ದೆವು. ಅರ್ಧವೂ ತುಂಬಿಲ್ಲ. ಹಿಂದೆ ಕೂತವರು ದಯವಿಟ್ಟು ಮುಂದೆ ಬನ್ನಿ. ಖಾಲಿ ಕುರ್ಚಿಗಳಿಗೆ ಭಾಷಣ ಮಾಡುವ ಅಭ್ಯಾಸ ನನಗಿಲ್ಲ.

ನಾನು ಯಾರೆಂದು ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಕೋರ್ಟಿನ ಪಕ್ಕದ ಓಣಿಯಲ್ಲಿ ಮೂವತ್ತು ವರ್ಷ ಅರ್ಜಿ ಟೈಪ್ ಮಾಡಿಕೊಂಡು ಬದುಕಿದವನು. ಎಲ್ಲರೂ ಟೈಪಿಸ್ಟ್ ಎನ್ನುತ್ತಾರೆ, ಹೆಂಡತಿಯೂ ಸಿಟ್ಟು ಬಂದಾಗ ಹಾಗೇ ಕರೆಯುತ್ತಾಳೆ. ಅಕ್ಕನ ಜೊತೆ ನಾನು ಕೆಲಸ ಮಾಡಿದ್ದು ಲೆಕ್ಕ ಹಾಕಿದರೆ ಒಂದು ವರ್ಷವೂ ಆಗುವುದಿಲ್ಲ. ಆದರೆ ಆ ಒಂದು ವರ್ಷ ಬಿಟ್ಟರೆ ನನ್ನ ಬದುಕಿನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಹೇಳಿಕೊಳ್ಳಲಾಗದ್ದೂ ಆ ವರ್ಷದ್ದೇ.

ಹದಿನೈದು ವರ್ಷದ ಹಿಂದಿನ ಮಾತು. ಕಾರ್ಖಾನೆಗಳಲ್ಲಿ ಮುಷ್ಕರ ನಡೆದಿತ್ತು. ಆಮೇಲೆ ಹಿಡಿಯುವುದು ಶುರುವಾಯಿತು — ಮುಷ್ಕರ ಮಾಡಿದವರನ್ನು, ಅವರಿಗೆ ಕರಪತ್ರ ಮುದ್ರಿಸಿದವರನ್ನು, ಕರಪತ್ರ ಓದುತ್ತಾ ಬಸ್ಸಿಗೆ ಕಾದವರನ್ನು. ಹಿಡಿದವರನ್ನು ಜೈಲಿಗೆ ಒಯ್ಯುತ್ತಿದ್ದರು. ಮನೆಯವರು ಹೋಗಿ ಕೇಳಿದರೆ ಅಂಥವರು ಇಲ್ಲಿ ಯಾರೂ ಇಲ್ಲ ಎನ್ನುತ್ತಿದ್ದರು. ಭೇಟಿ ಇಲ್ಲ, ಪತ್ರ ಇಲ್ಲ, ಹೆಸರಿನ ಪಟ್ಟಿ ಇಲ್ಲ. ಆದರೆ ಒಂದು ವಿಚಿತ್ರ ಇತ್ತು ನೋಡಿ. ಗೇಟಿನ ಕಿಂಡಿಯಲ್ಲಿ ಹೆಸರು ಬರೆದ ಚೀಲದಲ್ಲಿ ಒಗೆದ ಬಟ್ಟೆ ಕೊಟ್ಟರೆ ತೆಗೆದುಕೊಳ್ಳುತ್ತಿದ್ದರು. ಮಂಗಳವಾರ ಕೊಟ್ಟದ್ದು ಶುಕ್ರವಾರ ಕೊಳೆಯಾಗಿ ವಾಪಸು ಬರುತ್ತಿತ್ತು. ಇಲ್ಲವೇ ಇಲ್ಲ ಎಂದ ಮನುಷ್ಯನ ಬೆವರು ಮಾತ್ರ ಕಿಂಡಿಯಿಂದ ಹೊರಗೆ ಬರುತ್ತಿತ್ತು.

ಆ ಗೇಟಿನ ಎದುರಿಗೇ ಅಕ್ಕನ ಅಂಗಡಿ. ಒಗೆದು ಇಸ್ತ್ರಿ ಮಾಡುವ ಅಂಗಡಿ. ಒಂದು ಉದ್ದದ ಮೇಜು, ಅದರ ಮೇಲೆ ಸುಟ್ಟ ಕಲೆಗಳ ಕಂಬಳಿ, ಗೋಡೆಗೆ ಅಂಟಿದ ಕಪಾಟು. ಅವರ ಖಾಯಂ ಗಿರಾಕಿಗಳು ಯಾರು ಗೊತ್ತೆ? ಜೈಲಿನ ವಾರ್ಡರುಗಳು. ಅವರ ಖಾಕಿಗೆ ಗಂಜಿ ಹಾಕಿ, ಕತ್ತಿಯಂಥ ಗೆರೆ ತೆಗೆದು ಕೊಡುತ್ತಿದ್ದದ್ದು ಇದೇ ಅಕ್ಕ. ಬಿಸಿಲಲ್ಲಿ ನಿಂತ ತಾಯಂದಿರನ್ನು ಒಳಗೆ ಕರೆದು ಕೂರಿಸಿದ್ದೂ ಇದೇ ಅಕ್ಕ. ಕೊಳೆ ಬಟ್ಟೆಯ ಚೀಲ ಬಿಚ್ಚಿ ನೋಡುತ್ತಾ, ಒಂದು ದಿನ ಸುಮ್ಮನೆ ಅಂದರಂತೆ, "ನಿಮ್ಮ ಯಜಮಾನ್ರಿಗೆ ಕೆಮ್ಮು ಜಾಸ್ತಿ ಆಗಿದೆ ಕಣಮ್ಮ, ಬಲಗೈ ತೋಳಲ್ಲೇ ಬಾಯಿ ಒರಸ್ಕೊಂಡಿದ್ದಾರೆ." ಆ ಹೆಂಗಸು ಅಲ್ಲೇ ಅತ್ತುಬಿಟ್ಟರು. ಗಂಡನ ಸುದ್ದಿ ಅಂತ ಅವರಿಗೆ ಸಿಕ್ಕಿದ್ದು ಅದೇ ಮೊದಲು.

ಅಕ್ಕನ ಕಣ್ಣು ಹಾಗಿತ್ತು. ಕಾಲರಿನ ಕೊಳೆ, ಮೊಣಕೈಯ ಸುಕ್ಕು, ಯಾವ ಗುಂಡಿ ಸಡಿಲ — ಇಷ್ಟು ನೋಡಿ ಹಾಕಿದವರ ಜಾತಕ ಹೇಳುತ್ತಿದ್ದರು. ನನ್ನನ್ನೂ ಬಿಟ್ಟವರಲ್ಲ. "ಟೈಪಿಸ್ಟೇ, ನೀನು ಊಟ ಆದ್ಮೇಲೆ ಮೇಜಿನ ಮೇಲೇ ತಲೆ ಇಟ್ಟು ನಿದ್ದೆ ಹೊಡೀತೀಯ. ಕೆಲಸ ಅಂತ ಮನೇಲಿ ಸುಳ್ಳು ಹೇಳ್ತೀಯ." ನಿಜವೇ ಆಗಿತ್ತು.

ನಾನು ಆ ಬಟ್ಟೆಗಳನ್ನು ಅರ್ಜಿಯಾಗಿ ಮಾಡಿದೆ. ಇಂಥ ದಿನ ಇಂಥ ಗುರುತಿನ ಅಂಗಿ ಕೊಟ್ಟೆವು, ಇಂಥ ದಿನ ಹಾಕಿಕೊಂಡ ಅಂಗಿ ವಾಪಸು ಬಂತು. ಮನುಷ್ಯ ಇಲ್ಲದಿದ್ದರೆ ಹಾಕಿಕೊಂಡದ್ದು ಯಾರು? ಕೋರ್ಟಿಗೆ ಉತ್ತರ ಕೊಡಿ. ಅಂಥ ಅರವತ್ತಮೂರು ಅರ್ಜಿ. ಆಮೇಲೆ ಹೊರದೇಶದಿಂದ ಇಬ್ಬರು ಬಂದಿದ್ದರು, ಹಕ್ಕುಗಳ ಸಂಘಟನೆಯವರು. ಬೇರೆ ಎರಡು ದೇಶಗಳ ಜೈಲಿನ ಮುಂದೆಯೂ ತಾಯಂದಿರು ಹೀಗೇ ಬಟ್ಟೆ ಹಿಡಿದು ನಿಂತಿದ್ದರು ಎಂದು ಹೇಳಿದರು. ನಿಮ್ಮ ಸಂಸ್ಥೆಯ ಹೆಸರೇನು ಎಂದು ಕೇಳಿದರು. ಅಕ್ಕ ತಲೆ ಎತ್ತದೆ, "ಇಸ್ತ್ರಿ ಅಂಗಡಿ," ಎಂದರು. ಅವರು ಅದನ್ನೇ ಬರೆದುಕೊಂಡು ಹೋದರು. ಅವರು ಹೋದ ಮೇಲೆ ಅಕ್ಕ ನನ್ನನ್ನು ಕೇಳಿದರು, "ಆ ದೇಶಗಳಲ್ಲಿ ಬಟ್ಟೆ ನೋಡ್ತಿದ್ದವರು ಯಾರಂತೆ?" ನನಗೆ ಗೊತ್ತಿರಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ.

ಅರ್ಜಿ ಶುರುವಾದ ಮೇಲೆ ನಮ್ಮ ಕೆಲಸಕ್ಕೆ ಒಂದು ನಿಯಮ ಬಂತು. ಬಟ್ಟೆ ನೋಡುವವರು ಮನೆಯವರಿಗೆ ಏನೂ ಹೇಳಕೂಡದು. ತಾಯಿಯ ಮುಖ ನೋಡುತ್ತಾ ಅಂಗಿ ನೋಡಿದರೆ, ಅಂಗಿಯಲ್ಲಿ ಇಲ್ಲದ್ದೂ ಕಾಣಿಸುತ್ತದೆ. ಆದ್ದರಿಂದ ಅಕ್ಕ ಪರದೆಯ ಹಿಂದೆ ನೋಡುವುದು, ನನಗೊಬ್ಬನಿಗೇ ಹೇಳುವುದು. ನಾನು ಅದನ್ನು ಟೈಪ್ ಮಾಡಿ ಮನೆಯವರಿಗೆ ಓದಿ ಹೇಳುವುದು, ಆಮೇಲೆ ಅರ್ಜಿಗೆ ಸೇರಿಸುವುದು. ನಿಯಮ ಮಾಡಿದವನು ನಾನು. ಅಕ್ಕನಿಗೆ ಅದು ಇಷ್ಟವಿರಲಿಲ್ಲ, ಆದರೂ ಒಪ್ಪಿಕೊಂಡರು.

ಈಗ — ಈಗ ನರ್ಸಮ್ಮನ ವಿಷಯ ಹೇಳಬೇಕು. ಅವರು ಬಂದಿದ್ದಾರೆ. ಕಿಟಕಿಯ ಪಕ್ಕ ಕೂತಿದ್ದಾರೆ. ಬರುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಬಂದದ್ದು ಒಳ್ಳೆಯದಾಯಿತು ಅಮ್ಮ.

ನರ್ಸಮ್ಮನ ಮಗ ಮುದ್ರಣಾಲಯದಲ್ಲಿ ಕೆಲಸಕ್ಕಿದ್ದ. ಎಡಗೈಯವನು. ಅವನ ಅಂಗಿ ಬಂದರೆ ಎಡ ತೋಳಿನ ಪಟ್ಟಿಯೇ ಮೊದಲು ಕೊಳೆಯಾಗಿರುತ್ತಿತ್ತು, ತೋಳನ್ನು ಎರಡು ಮಡಿಕೆ ಮಡಿಸಿರುತ್ತಿದ್ದ. ಮೊದಲ ವಾರ ಹಾಗೇ ಬಂತು. ಎರಡನೆಯ ವಾರ ಚೀಲ ಬರಲಿಲ್ಲ. ಮೂರನೆಯ ವಾರ ಬಂತು. ಅಕ್ಕ ಪರದೆಯ ಹಿಂದೆ ಆ ಅಂಗಿಯ ಎರಡೂ ತೋಳಿನ ಪಟ್ಟಿ, ಕಾಲರು ಬಿಡಿಸಿ ನೋಡಿದರು. ಆಮೇಲೆ ಹೇಳಿದರು, "ಇದನ್ನ ಬೇರೆಯವರು ಹಾಕ್ಕೊಂಡಿದ್ದಾರೆ. ಬಲಗೈಯವರು. ಕುತ್ತಿಗೆ ದಪ್ಪ. ಹುಡುಗ ಎಲ್ಲಿ ಅಂತ ನಂಗೊತ್ತಿಲ್ಲ. ಇಷ್ಟನ್ನೇ ಬರಿ, ಹೆಚ್ಚು ಬರೀಬೇಡ, ಕಮ್ಮಿನೂ ಬರೀಬೇಡ."

ನಾನು ಟೈಪ್ ಮಾಡಿದೆ. ಅಕ್ಕ ಹೇಳಿದಂತೆಯೇ, ಅಕ್ಷರ ಬಿಡದೆ. ಹಾಳೆ ತೆಗೆದು ಪರದೆಯಿಂದ ಈಚೆ ಬಂದೆ. ನರ್ಸಮ್ಮ ಆಸ್ಪತ್ರೆಯ ಕೆಲಸ ಮುಗಿಸಿ ಸೀದಾ ಬಂದಿದ್ದರು, ಬಿಳಿ ಸೀರೆಯಲ್ಲೇ. ಅಕ್ಕ ನೋಡಿ ಕೊಟ್ಟಿದ್ದ ಅಂಗಿ ಅವರ ಮಡಿಲಲ್ಲಿತ್ತು. ಅದನ್ನು ಮೂಗಿಗೆ ಹಿಡಿದು ನನ್ನ ಕಡೆ ನೋಡಿ ನಕ್ಕರು. "ಚೆನ್ನಾಗಿ ಬೆವರಿದ್ದಾನೆ ನೋಡಿ. ಓಡಾಡಿಕೊಂಡಿದ್ದಾನೆ ಅಂತ ಆಯ್ತಲ್ಲ," ಅಂದರು.

— ನೀರು ಇದ್ದರೆ ಸ್ವಲ್ಪ ಕೊಡಿ. —

ನಾನು ಆ ಹಾಳೆಯನ್ನು ಮಡಿಸಿ ಜೇಬಿಗಿಟ್ಟೆ. ಬೇರೆ ಹಾಳೆ ಏರಿಸಿ, ಅಂಗಿ ವಾಪಸು ಬಂತು ಎಂದಷ್ಟೇ ಟೈಪ್ ಮಾಡಿ ಓದಿದೆ. ಬೇರೆಯವರು ಹಾಕಿಕೊಂಡಿದ್ದಾರೆ ಎಂಬ ಮಾತು ಅದರಲ್ಲಿ ಇರಲಿಲ್ಲ. ಆಮೇಲೆ ನನಗೆ ನಾನೇ ದೊಡ್ಡ ದೊಡ್ಡ ಕಾರಣ ಕೊಟ್ಟುಕೊಂಡೆ. ಇದನ್ನು ಬರೆದರೆ ಕಿಂಡಿ ಮುಚ್ಚುತ್ತಾರೆ, ಉಳಿದ ಮನೆಯವರಿಗೆ ಇರುವ ಒಂದು ದಾರಿಯೂ ಹೋಗುತ್ತದೆ ಅಂತ. ಸುಳ್ಳು. ಆ ಕಾರಣ ನನಗೆ ಹೊಳೆದದ್ದು ಮನೆಗೆ ಹೋಗಿ ಊಟ ಮಾಡುವಾಗ. ಆ ಹೊತ್ತಿನಲ್ಲಿ ಇದ್ದದ್ದು ಒಂದೇ, ನರ್ಸಮ್ಮನ ನಗು ನಿಲ್ಲಿಸುವ ಧೈರ್ಯ ನನಗಿರಲಿಲ್ಲ.

ಎರಡು ದಿನ ಬಿಟ್ಟು ಅಕ್ಕ ಕೇಳಿದರು, "ಹೇಳಿದೆಯಾ?" ಹೇಳಿದೆ, ಅವರು ನಂಬಲಿಲ್ಲ ಎಂದೆ. ಅಕ್ಕ ಮತ್ತೆ ಕೇಳಲಿಲ್ಲ. ನಿಯಮ ನನ್ನದು, ಮಾತೂ ನನ್ನದು — ಅವರು ನಂಬಿದರು. ಮುಂದಿನ ವಾರವೂ ಬಲಗೈಯವನ ಅಂಗಿ, ಅದರ ಮುಂದಿನ ವಾರವೂ. ಅಕ್ಕ ಒಗೆದರು, ಇಸ್ತ್ರಿ ಮಾಡಿದರು, ನರ್ಸಮ್ಮನ ಕೈಗೆ ಕೊಟ್ಟರು, ಏನೂ ಹೇಳಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಒಬ್ಬ ಕೈದಿ ಬಿಡುಗಡೆಯಾಗಿ ಬಂದ. ಗೇಟು ದಾಟಿ ನೇರ ಅಂಗಡಿಗೆ ಬಂದು ನರ್ಸಮ್ಮ ಯಾರು ಎಂದು ಕೇಳಿದ. ಅವನ ಮೈಮೇಲೆ ಇದ್ದದ್ದು ಅವರ ಮಗನ ಅಂಗಿ. ಹುಡುಗ ಹನ್ನೊಂದನೆಯ ದಿನವೇ ತೀರಿಕೊಂಡಿದ್ದ. ಹೊಡೆತಕ್ಕೆ. ಆಮೇಲೆ ಬಂದ ಚೀಲಗಳನ್ನು ವಾರ್ಡರೊಬ್ಬ ಇವನಿಗೆ ಕೊಟ್ಟಿದ್ದ. ಇವನಿಗೆ ಬಟ್ಟೆ ತರುವವರು ಯಾರೂ ಇರಲಿಲ್ಲ. ವಾರಸುದಾರರಿಲ್ಲದ ಹೆಣವನ್ನು ಮೂವತ್ತು ದಿನ ಇಟ್ಟು ಆಮೇಲೆ ಗುರುತಿಲ್ಲದೆ ಹೂಳುತ್ತಾರೆ. ಅಕ್ಕ ಅಂಗಿ ನೋಡಿ ನನಗೆ ಹೇಳಿದ ದಿನ ಹೂಳುವುದಕ್ಕೆ ಇನ್ನೂ ಮೂರು ವಾರ ಬಾಕಿ ಇತ್ತು. ಆ ಹಾಳೆ ಕೋರ್ಟಿಗೆ ಹೋಗಿದ್ದರೆ ಮಗ ಸಿಗುತ್ತಿದ್ದನೋ ಇಲ್ಲವೋ, ಆಣೆ ಮಾಡಿ ಹೇಳಲಾರೆ. ಕೇಳುವ ಹಕ್ಕು ನಿಮಗಿತ್ತು ನರ್ಸಮ್ಮ. ಅದನ್ನು ಕಿತ್ತುಕೊಂಡದ್ದು ಜೈಲಿನವರಷ್ಟೇ ಅಲ್ಲ.

ಅವತ್ತು ಅಂಗಡಿಯಲ್ಲಿ ಹತ್ತು ಹದಿನೈದು ಜನ ಇದ್ದೆವು. ನಿಮ್ಮಲ್ಲೂ ಕೆಲವರು ಇದ್ದಿರಿ. ನರ್ಸಮ್ಮ ಅಕ್ಕನ ಮುಂದೆ ನಿಂತು, ದನಿ ಏರಿಸದೆ ಕೇಳಿದರು, "ಪ್ರತಿ ವಾರ ನೀವೇ ನೋಡಿದ್ರಲ್ಲ. ನಿಮಗೆ ಗೊತ್ತಾಗಲಿಲ್ವಾ?" ಅಕ್ಕ ನನ್ನ ಕಡೆ ನೋಡಿದರು. ಒಂದೇ ಸಲ. ಎಲ್ಲ ಅರ್ಥವಾಯಿತು ಅವರಿಗೆ. ಆಮೇಲೆ ನರ್ಸಮ್ಮನ ಕಡೆ ತಿರುಗಿ ಹೇಳಿದರು, "ಗೊತ್ತಾಗಲಿಲ್ಲ ನರ್ಸಮ್ಮ. ನನ್ನ ಕಣ್ಣು ತಪ್ಪಿತು."

ಎಲ್ಲರೂ ಹೋದ ಮೇಲೆ ನಾನು ಬಾಯಿ ತೆರೆದೆ. ಅಕ್ಕ ಬಿಡಲಿಲ್ಲ. "ತಪ್ಪು ನೋಡಿದೆ ಅಂದ್ರೆ ಮುದುಕಿ ಕಣ್ಣು ಮಂಜಾಗಿದೆ ಅಂತಾರೆ, ಅಷ್ಟೇ. ನೀನು ತಪ್ಪು ಬರೆದೆ ಅಂದ್ರೆ ಅರವತ್ಮೂರು ಅರ್ಜೀನೂ ಹರಿದು ಹಾಕ್ತಾರೆ. ಒಳಗಿರೋರು ಹೊರಗೆ ಬರೋ ತನಕ ಸುಮ್ನಿರು." ಒಳಗಿರುವವರು ಬರುವ ತನಕ. ಅಷ್ಟೇ ಅವರು ಕೇಳಿದ್ದು. ನನ್ನ ಮೇಲೆ ರೇಗಲೂ ಇಲ್ಲ. ರೇಗಿದ್ದರೆ ಚೆನ್ನಾಗಿತ್ತು.

ಅವತ್ತಿನಿಂದ ತಾಯಂದಿರು ಅಂಗಡಿ ಮೆಟ್ಟಿಲು ಹತ್ತಲಿಲ್ಲ. ಚೀಲ ಹಿಡಿದು ಬಿಸಿಲಲ್ಲೇ ನಿಲ್ಲತೊಡಗಿದರು. ವಾರ್ಡರುಗಳು ಮೊದಲೇ ಬಿಟ್ಟಿದ್ದರು, ನಮ್ಮ ಅರ್ಜಿಗಳ ಸಿಟ್ಟಿಗೆ. ಅತ್ತ ಅವರೂ ಇಲ್ಲ, ಇತ್ತ ನಮ್ಮವರೂ ಇಲ್ಲ. ಅಕ್ಕ ಬೆಳಿಗ್ಗೆ ಬಾಗಿಲು ತೆಗೆಯುತ್ತಿದ್ದರು, ಸಂಜೆ ಹಾಕುತ್ತಿದ್ದರು. ಕಪಾಟಿನಲ್ಲಿ ಹೆಚ್ಚಾಗಿ ಇದ್ದದ್ದು ನನ್ನ ಅಂಗಿಗಳೇ. ವಾರಕ್ಕೆ ಎರಡು ಕೊಡುತ್ತಿದ್ದವನು ಆರು ಕೊಡತೊಡಗಿದೆ. ಒಗೆದದ್ದನ್ನೇ ಮತ್ತೆ ಸುಕ್ಕು ಮಾಡಿ ಕೊಟ್ಟದ್ದೂ ಇದೆ. ಅಕ್ಕನಿಗೆ ಅದು ಕಾಣದೆ ಇರುತ್ತದೆಯೇ? ಏನೂ ಅನ್ನದೆ ಇಸ್ತ್ರಿ ಮಾಡಿ ಕೊಡುತ್ತಿದ್ದರು. ನಾವಿಬ್ಬರೂ ಎದುರುಬದುರು ಕೂತು ಎಷ್ಟೋ ಮಧ್ಯಾಹ್ನ ಕಳೆದೆವು, ಹೇಳಬೇಕಾದ ಮಾತು ಒಂದೇ ಇತ್ತು, ಅದನ್ನು ಬಿಟ್ಟು ಬೇರೆಲ್ಲ ಆಡಿದೆವು. ಅಷ್ಟು ಒಂಟಿಯಾಗಿ ನಾನು ಯಾರ ಎದುರೂ ಕೂತಿಲ್ಲ. ಅವರಿಗೆ ಹೇಗಿತ್ತೋ ನಾನು ಕೇಳಲಿಲ್ಲ.

ಅರವತ್ತಮೂರರಲ್ಲಿ ನಲವತ್ತೊಂದು ಜನ ಮನೆಗೆ ಬಂದರು. ಕೊನೆಯ ಅರ್ಜಿ ಮುಗಿದು ಹನ್ನೊಂದು ವರ್ಷವಾಯಿತು. ಅಂದರೆ ಮೊದಲ ನಾಲ್ಕು ವರ್ಷ ನಾನು ಸುಮ್ಮನಿದ್ದದ್ದು ಅಕ್ಕನ ಮಾತಿಗೆ. ಆಮೇಲಿನ ಹನ್ನೊಂದು ವರ್ಷ ನನ್ನ ಸ್ವಂತದ್ದು. ನಾಳೆ ಹೇಳಿದರಾಯಿತು, ನಾಳೆ ಹೇಳಿದರಾಯಿತು. ಬೀದಿಯಲ್ಲಿ ಜನ ನನಗೆ ಕೈಮುಗಿಯುತ್ತಿದ್ದರು. ಅದು ರುಚಿಯಾಗಿತ್ತು. ಇದಕ್ಕಿಂತ ಮರ್ಯಾದೆಯ ಮಾತು ನನ್ನಲ್ಲಿಲ್ಲ.

ಹೋದ ವಾರ ಅಕ್ಕನನ್ನು ಮಣ್ಣು ಮಾಡಿ ಬರುವಾಗ ತಂಗಿಯವರು ನನ್ನನ್ನು ಕೇಳಿದರು, "ಅಷ್ಟು ಜನಕ್ಕೆ ಮಾಡಿದಳು ಅಂತೀರ. ಹೆಗಲು ಕೊಡೋಕೆ ನಾಲ್ಕನೆಯವರನ್ನ ಹುಡುಕಬೇಕಾಯ್ತಲ್ಲ, ಯಾಕೆ?" ಈ ಸಭೆ ಕರೆದದ್ದು ಅದಕ್ಕೇ. ತಂಗಿಯವರೇ, ಉತ್ತರ ಇದು. ನನ್ನಿಂದ.

ಆ ದಿನ ಜೇಬಿಗಿಟ್ಟ ಹಾಳೆ ಇದು. ಮಡಿಕೆಯಲ್ಲಿ ಹರಿದಿದೆ, ಅಕ್ಷರ ಚೆನ್ನಾಗಿದೆ. ತಾರೀಕು ಇದೆ. ನರ್ಸಮ್ಮ, ಇದು ನಿಮಗೆ ಸೇರಿದ್ದು. ಈ ಮೇಜಿನ ಮೇಲೆ ಇಡುತ್ತೇನೆ. ಬೇಕೆನಿಸಿದರೆ ತೆಗೆದುಕೊಳ್ಳಿ. ಇಷ್ಟು ಜನರ ಎದುರು ನಾನು ನಿಮ್ಮಲ್ಲಿ ಕ್ಷಮೆ ಕೇಳುವುದಿಲ್ಲ. ಕೇಳಿದರೆ ಇಲ್ಲ ಎನ್ನುವುದು ನಿಮಗೆ ಕಷ್ಟವಾಗುತ್ತದೆ.

ಈಗ ಅಕ್ಕನಿಗಾಗಿ ಎರಡು ನಿಮಿಷ ಎಲ್ಲರೂ ಎದ್ದು ನಿಲ್ಲಬೇಕೆಂದು ಕೋರುತ್ತೇನೆ. ಮಂಡಿನೋವಿನವರು ಕೂತೇ ಇರಿ, ಪರವಾಗಿಲ್ಲ. ಮೌನ ಮುಗಿದ ಮೇಲೆ ನಾನು ಇಲ್ಲೇ ಇರುತ್ತೇನೆ, ಯಾರು ಏನು ಅನ್ನಬೇಕೋ ಅನ್ನಿ. ಅದಕ್ಕೆ ಮೊದಲು ಒಂದೇ ಮಾತು. ನರ್ಸಮ್ಮ, ಅವತ್ತು ನೀವು ಅಕ್ಕನನ್ನು ಕೇಳಿದಿರಲ್ಲ, ಗೊತ್ತಾಗಲಿಲ್ಲವಾ ಎಂದು — ಗೊತ್ತಾಗಿತ್ತು ಅಮ್ಮ. ಅವರು ಹೇಳಿದ್ದರು.

ಎದ್ದು ನಿಲ್ಲಿ.